ಜಾತ್ರೆಯಿಂದ ಜಾತ್ರೆಗೆ ತಮಟೆಯ ಹಿಂದೆ

ಜಾತ್ರೆಗೆ ಹೋದಾಗ ನೀವು ಏನೇನು ನೋಡುತ್ತೀರಿ? ಬಳೆ ಅಂಗಡಿ, ಪಾತ್ರೆ ಅಂಗಡಿ, ತೇರು. ತಮಟೆಯವರು ಎದುರಾದರೆ ಮಗುವಿನ ಕಿವಿ ಮುಚ್ಚಿ ಪಕ್ಕಕ್ಕೆ ಸರಿಯುತ್ತೀರಿ, ಅಲ್ಲವೇ? ಈ ಸಲ ಸ್ವಲ್ಪ ನಿಂತು ನೋಡಿ. "ಅಯ್ಯೋ, ಅದರಲ್ಲೇನಿದೆ ನೋಡೋಕೆ?" ಅಂತೀರಾ? ಕೋಲಾರ ಸೀಮೆಯಲ್ಲಿ ಒಂದು ತಮಟೆ ತಂಡದ ಹಿಂದೆ ವರ್ಷವೆಲ್ಲ ಸುತ್ತಿದರೆ ನಮ್ಮ ಹಬ್ಬಹರಿದಿನಗಳ ಪಂಚಾಂಗವೇ ಕಣ್ಣ ಮುಂದೆ ಬರುತ್ತದೆ.

ಮೊದಲು ವಾದ್ಯದ ವಿಷಯ. ತಮಟೆ ನೋಡಲು ದೊಡ್ಡ ಜರಡಿಯ ಹಾಗಿರುತ್ತದೆ. ಕಬ್ಬಿಣದ ಬಳೆಗೆ ಹದ ಮಾಡಿದ ಚರ್ಮ ಬಿಗಿದಿರುತ್ತಾರೆ. ಅದನ್ನು ಹೆಗಲಿಗೆ ತೂಗುಹಾಕಿಕೊಂಡು, ಒಂದು ಕೈಯಲ್ಲಿ ತೆಳ್ಳನೆಯ ಉದ್ದ ಕಡ್ಡಿ, ಇನ್ನೊಂದರಲ್ಲಿ ಗಿಡ್ಡ ದಪ್ಪ ಕೋಲು ಹಿಡಿದು ಬಾರಿಸುತ್ತಾರೆ. ಶುರು ಮಾಡುವ ಮೊದಲು ಹುಲ್ಲಿಗೆ ಬೆಂಕಿ ಹಚ್ಚಿ ಕಾಯಿಸುವುದನ್ನು ನೀವು ಕಂಡಿರಬಹುದು. ಬಿಸಿಗೆ ಚರ್ಮದ ತೇವ ಆರಿ ಬಿಗಿಯಾಗುತ್ತದೆ, ನಾದ ಖಣಖಣ ಎನ್ನುತ್ತದೆ. ಮಳೆಗಾಲದಲ್ಲಿ ಮತ್ತೆ ಮತ್ತೆ ಕಾಯಿಸಬೇಕು. ಈಗ ತಿರುಪು ಬಿಗಿಯುವ ಫೈಬರ್ ತಮಟೆಯೂ ಬಂದಿದೆ. ಅದಕ್ಕೆ ಬೆಂಕಿ ಬೇಡ.

ಇನ್ನು ತಂಡದ ಜೊತೆ ಹೊರಡೋಣ. ಶಿವರಾತ್ರಿಯ ಹೊತ್ತಿಗೆ ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿ ರಾಮಲಿಂಗೇಶ್ವರನ ಜಾತ್ರೆ. ಲವಕುಶರು ಹುಟ್ಟಿದ್ದು ಇಲ್ಲಿನ ಬೆಟ್ಟದಲ್ಲೇ ಅನ್ನುವ ನಂಬಿಕೆ ಈ ಕಡೆಯ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ಆಮೇಲೆ ಕೋಲಾರ, ಮಾಲೂರುಗಳಲ್ಲಿ ದ್ರೌಪದಮ್ಮನ ಕರಗ. ಶ್ರೀನಿವಾಸಪುರದ ಮಾವಿನ ತೋಪುಗಳ ನಡುವಿನ ಹಳ್ಳಿಗಳಲ್ಲಿ ಊರಹಬ್ಬ. ಭಾದ್ರಪದ ಬಂತೆಂದರೆ ಗಣೇಶನ ಮೆರವಣಿಗೆ. ಕೋಲಾರದ ಅಂತರಗಂಗೆ ಬೆಟ್ಟದ ಮೇಲೆ 'ಆದಿಮ' ಸಾಂಸ್ಕೃತಿಕ ಕೇಂದ್ರ ನಡೆಸಿಕೊಂಡು ಬಂದಿರುವ 'ಹುಣ್ಣಿಮೆ ಹಾಡು' ಕಾರ್ಯಕ್ರಮವಂತೂ ಇಂಥ ಕಲೆಗಳಿಗಾಗಿಯೇ ಇರುವ ವೇದಿಕೆ.

ಊರಹಬ್ಬದ ದಿನ ಅಕ್ಕಿಹಿಟ್ಟು, ಬೆಲ್ಲ ಕಲಸಿ ತಂಬಿಟ್ಟು ಮಾಡಿ, ಅದರಲ್ಲಿ ದೀಪ ಹಚ್ಚಿ, ಹೂ ಸುತ್ತಿ ತಲೆ ಮೇಲೆ ಹೊತ್ತು ಹೊರಡುವವರು ನಾವೇ ತಾನೇ? ನಮ್ಮ ಮುಂದೆ ದಾರಿ ಬಿಡಿಸುತ್ತಾ ಹೋಗುವುದು ತಮಟೆ. ದೀಪ ಆರದ ಹಾಗೆ ನಾವಿಡುವ ಹೆಜ್ಜೆಗೆ ಆ ಏಟೇ ತಾಳ. ಹಾಗಿದ್ದೂ ಪೂಜೆ ಮುಗಿದ ಮೇಲೆ ಬಾರಿಸಿದವರಿಗೆ ನೀರು ಕೊಟ್ಟೆವಾ ಎಂದು ಎಷ್ಟು ಜನ ವಿಚಾರಿಸುತ್ತೇವೆ?

ಇಲ್ಲೇ ಇರುವುದು ನೋವಿನ ಮಾತು. ಹಿಂದೆ ತಮಟೆ ಬಾರಿಸುವುದು ದಲಿತ ಕೇರಿಯವರ ಮೇಲೆ ಹೇರಿದ ಚಾಕರಿಯಾಗಿತ್ತು. ಊರಲ್ಲಿ ಸಾವಾದರೂ, ಡಂಗುರ ಸಾರಬೇಕಾದರೂ ಅವರೇ ಬರಬೇಕು. ಸುಗ್ಗಿಯಲ್ಲಿ ಒಂದಿಷ್ಟು ಕಾಳು ಕೊಟ್ಟರೆ ಮುಗಿಯಿತು. ಆ ಅವಮಾನ ಬೇಡವೆಂದು ಎಷ್ಟೋ ಯುವಕರು ತಮಟೆಯನ್ನೇ ಬಿಟ್ಟರು. 1970–80ರ ದಶಕಗಳಲ್ಲಿ ದಲಿತ ಚಳವಳಿಯ ಹಾಡುಗಳಿಗೆ ಅದೇ ತಮಟೆ ಜೊತೆಯಾಯಿತು. ಚಾಕರಿಯ ವಾದ್ಯ ಅಭಿಮಾನದ ವಾದ್ಯವಾಯಿತು. 2023ರಲ್ಲಿ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. 2007ರವರೆಗೆ ಅವರ ಊರು ಕೋಲಾರ ಜಿಲ್ಲೆಯಲ್ಲೇ ಇತ್ತು. ಹಾಗಾಗಿ ಅವರು ನಮ್ಮವರೇ.

ಹೆಣ್ಣುಮಕ್ಕಳು ಬಾರಿಸಬಹುದೇ ಎಂದು ಕೇಳುವವರಿದ್ದಾರೆ. ಯಾಕಾಗಬಾರದು? ಬಿಹಾರದ ಪಟ್ನಾ ಬಳಿಯ ಢಿಬ್ರಾ ಗ್ರಾಮದ ದಲಿತ ಮಹಿಳೆಯರು 'ಸರ್ಗಮ್' ಎಂಬ ಬ್ಯಾಂಡ್ ಕಟ್ಟಿ ಮದುವೆಗಳಲ್ಲಿ ವಾದ್ಯ ಬಾರಿಸಿ ಸಂಪಾದಿಸಿದರು. ನಿಮ್ಮ ಮಗಳಿಗೆ ಶಾಲೆಯಲ್ಲಿ ಕಲಿಯುವ ಅವಕಾಶ ಸಿಕ್ಕರೆ ಬೇಡವೆನ್ನಬೇಡಿ.

ನಿಮ್ಮ ಮನೆಯ ಮದುವೆಗೋ ಬೀದಿಯ ಗಣೇಶನಿಗೋ ತಮಟೆ ಕರೆಸುವಾಗ ಇಷ್ಟು ನೆನಪಿಡಿ:

ಸಂಭಾವನೆ ಎಷ್ಟೆಂದು ಮೊದಲೇ ಮಾತಾಡಿ, ಮುಂಗಡ ಕೊಡಿ. ಮುಗಿದ ಮೇಲೆ ಚೌಕಾಸಿ ಬೇಡ.

ಚರ್ಮದ ತಮಟೆಯಾದರೆ ಕಾಯಿಸಿಕೊಳ್ಳಲು ಒಂದು ಹೊರೆ ಒಣಹುಲ್ಲು, ಶಾಮಿಯಾನದಿಂದ ದೂರ ಒಂದಿಷ್ಟು ಜಾಗ ಒದಗಿಸಿ.

ನಡುನಡುವೆ ಮಜ್ಜಿಗೆ, ಪಾನಕ ಕೊಡಿ. ಹೆಗಲಿಗೆ ಭಾರ ಹೊತ್ತು ಕುಣಿಯುವುದು ಸಾಮಾನ್ಯ ಶ್ರಮವಲ್ಲ.

ಕೊನೆಯದೇ ಮುಖ್ಯ. ಊಟ ಹೊರಗೆ ಪೊಟ್ಟಣ ಕಟ್ಟಿ ಕೊಡಬೇಡಿ. ಎಲ್ಲರ ಜೊತೆ, ಅದೇ ಪಂಕ್ತಿಯಲ್ಲಿ ಎಲೆ ಹಾಕಿಸಿ. ಯಜಮಾನರು ಮರೆತರೂ ಅಡುಗೆಮನೆ ನಿಮ್ಮ ಕೈಲಿದೆಯಲ್ಲ!