ಕಿವಿಯೊಳಗಿನ ನರ ಸೊರಗಿದಾಗ

ಮೈಸೂರಿನ ಮಂಡಕಳ್ಳಿ ನಿಲ್ದಾಣದಿಂದ ಮೇಲೇರಿದ ವಿಮಾನ ದಟ್ಟ ಮೋಡ ಹೊಕ್ಕರೆ ಪೈಲಟ್ ತನ್ನ ಮೈಯ ಅಂದಾಜನ್ನು ನಂಬುವಂತಿಲ್ಲ. ದಿಗಂತ ಕಾಣದಾಗ ಒಳಗಿವಿ ದಾರಿ ತಪ್ಪಿಸುತ್ತದೆ; ಕಣ್ಣೆದುರಿನ ಉಪಕರಣಗಳೇ ಆಗ ಗತಿ. ಅದೇ ಒಳಗಿವಿ ಹಾಸಿಗೆಯಲ್ಲಿ ಮಲಗಿದವರಿಗೂ ಸುಳ್ಳು ಹೇಳುವ ಕಾಯಿಲೆಯೊಂದಿದೆ: ವೆಸ್ಟಿಬ್ಯುಲರ್ ನ್ಯೂರೈಟಿಸ್, ಅಂದರೆ ಸಮತೋಲನದ ನರದ ಉರಿಯೂತ.

ಇದು ಬರುವುದು ದಿಢೀರನೆ. ಕೋಣೆ ಗರಗರ ತಿರುಗುತ್ತದೆ, ವಾಂತಿಯಾಗುತ್ತದೆ, ಎದ್ದು ನಡೆದರೆ ಮೈ ಒಂದೇ ಕಡೆಗೆ ವಾಲುತ್ತದೆ. ಮಗ್ಗುಲು ಬದಲಿಸಿದಾಗ ಕೆಲವೇ ಸೆಕೆಂಡು ಕಾಡಿ ಹೋಗುವ ತಲೆಸುತ್ತಲ್ಲ ಇದು. ಒಂದೆರಡು ದಿನ ಬಿಡದು. ಕಿವಿ ಮಾತ್ರ ಎಂದಿನಂತೆ ಕೇಳಿಸುತ್ತಿರುತ್ತದೆ. ಹಾಗಾಗಿ ಕಿವಿಯ ಮೇಲೆ ಯಾರಿಗೂ ಅನುಮಾನವೇ ಬರುವುದಿಲ್ಲ. ಪಿತ್ತ, ಗ್ಯಾಸ್, ಲೋ ಬಿಪಿ ಎಂದು ಮನೆಮಂದಿ ಲೆಕ್ಕ ಹಾಕುತ್ತಾರೆ.

ಎರಡೂ ಕಿವಿಗಳ ಸಮತೋಲನ ನರಗಳು ತಲೆ ಅಲುಗದಿದ್ದಾಗಲೂ ಮಿದುಳಿಗೆ ಸಂಕೇತ ಕಳಿಸುತ್ತಲೇ ಇರುತ್ತವೆ. ಎರಡೂ ಸಮವಾಗಿದ್ದರೆ ತಲೆ ಸ್ಥಿರವಾಗಿದೆ ಎಂದರ್ಥ. ಬಲಕ್ಕೆ ತಿರುಗಿದರೆ ಬಲಗಿವಿಯ ಸಂಕೇತ ಏರುತ್ತದೆ, ಎಡದ್ದು ಇಳಿಯುತ್ತದೆ. ಈಗ ಎಡಗಿವಿಯ ನರ ಉರಿಯೂತದಿಂದ ಸೊರಗಿತೆನ್ನಿ. ಸುಮ್ಮನೆ ಮಲಗಿದ್ದರೂ ಮಿದುಳಿನ ಪಾಲಿಗೆ ತಲೆ ಬಲಕ್ಕೆ ತಿರುಗುತ್ತಲೇ ಇದೆ! ಕಣ್ಣುಗುಡ್ಡೆಗಳೂ ಅದನ್ನು ನಂಬಿ ಒಂದೇ ದಿಕ್ಕಿಗೆ ಪಟಪಟ ಜಿಗಿಯುತ್ತವೆ. ತುಟಿಯ ಮೇಲೆ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ ನರದಲ್ಲಿ ಅಡಗಿದ್ದು ಮತ್ತೆ ಕೆರಳುವುದೇ ಇದಕ್ಕೆ ಕಾರಣವಿರಬೇಕು ಎಂಬುದು ತಜ್ಞರ ಬಲವಾದ ಅನುಮಾನ.

ಪಾರ್ಶ್ವವಾಯುವೂ ಕೆಲವೊಮ್ಮೆ ಇದೇ ವೇಷದಲ್ಲಿ ಬರುತ್ತದೆ. ಮಾತು ತೊದಲಿದರೆ, ವಸ್ತುಗಳು ಎರಡೆರಡಾಗಿ ಕಂಡರೆ, ಕೈಕಾಲು ಸೋತರೆ, ಆಸರೆಯಿಲ್ಲದೆ ನಿಲ್ಲಲೂ ಆಗದಿದ್ದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಮೊದಲ ಎರಡು ದಿನದ ಸ್ಕ್ಯಾನಿಂಗ್‌ನಲ್ಲೂ ಅದು ಕಣ್ತಪ್ಪಬಹುದು. 1988ರಲ್ಲಿ ಹಾಲ್ಮಾಗಿ ಮತ್ತು ಕರ್ಥಾಯ್ಸ್ ವಿವರಿಸಿದ ಸರಳ ಪರೀಕ್ಷೆಯೊಂದು ಇಲ್ಲಿ ನೆರವಾಗುತ್ತದೆ. ರೋಗಿ ವೈದ್ಯರ ಮೂಗನ್ನೇ ನೋಡುತ್ತಿರಬೇಕು. ವೈದ್ಯರು ಅವರ ತಲೆಯನ್ನು ಥಟ್ಟನೆ ತುಸು ತಿರುಗಿಸುತ್ತಾರೆ. ನೋಟ ಜಾರಿ ಮತ್ತೆ ಮರಳಿದರೆ ದೋಷ ಹೆಚ್ಚಾಗಿ ನರದ್ದು. ತಲೆ ಸುತ್ತುತ್ತಲೇ ಇದ್ದು ನೋಟ ಮಾತ್ರ ಕದಲದಿದ್ದರೆ ಮಿದುಳನ್ನು ಪರೀಕ್ಷಿಸಬೇಕಾಗುತ್ತದೆ.

ಈ ವಿಷಯದಲ್ಲಿ ಮೈಸೂರಿನವರು ಪುಣ್ಯವಂತರು. 1965ರಲ್ಲಿ ಆರಂಭವಾದ, ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆಯ ಜೊತೆಗೆ ಸಮತೋಲನದ ಪರೀಕ್ಷೆಯೂ ಆಗುತ್ತದೆ.

ಆರಂಭದಲ್ಲೇ ಬಂದವರಿಗೆ ವೈದ್ಯರು ಸ್ಟೀರಾಯ್ಡ್ ಕೊಡಬಹುದು. ತಲೆಸುತ್ತಿನ ಮಾತ್ರೆ ಎರಡು ಮೂರು ದಿನಕ್ಕೆ ಸಾಕು. ಅದನ್ನೇ ವಾರಗಟ್ಟಲೆ ನುಂಗುತ್ತಾ ಮಲಗಿಬಿಡುವುದು ದೊಡ್ಡ ತಪ್ಪು. ಒಂದು ನರ ಸೊರಗಿದರೂ ಮಿದುಳು ಹೊಸ ಲೆಕ್ಕ ಕಲಿಯಬಲ್ಲದು. ಆದರೆ ತಲೆ ಅಲುಗಿಸಿದರೆ ಮಾತ್ರ. ಹೆಬ್ಬೆರಳನ್ನೇ ದಿಟ್ಟಿಸುತ್ತಾ ತಲೆಯನ್ನು ಅತ್ತಿತ್ತ ಆಡಿಸುವುದು, ನಡೆಯುತ್ತಾ ಎಡಬಲ ನೋಡುವುದು, ಇಂಥ ವ್ಯಾಯಾಮಗಳನ್ನು ತಜ್ಞರಿಂದ ಕಲಿತು ದಿನವೂ ಮಾಡಬೇಕು. ಮೊದಮೊದಲು ಸುತ್ತು ಹೆಚ್ಚಿದಂತೆ ಅನ್ನಿಸುತ್ತದೆ, ಹೆದರಬೇಕಿಲ್ಲ. ಹೆಚ್ಚಿನವರು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಕತ್ತಲಲ್ಲಿ, ಉಬ್ಬುತಗ್ಗಿನ ನೆಲದಲ್ಲಿ ತೂರಾಡುವುದು ಇನ್ನೂ ಕೆಲವು ಕಾಲ ಉಳಿಯಬಹುದು. ಅಲ್ಲಿಯವರೆಗೆ ನಂಜನಗೂಡು ರಸ್ತೆಯಲ್ಲಿ ಬೈಕ್ ಓಡಿಸುವ ಆಸೆಯನ್ನು ಮುಂದೂಡಿ, ವೈದ್ಯರು ಒಪ್ಪಿದ ಮೇಲೆಯೇ ಹ್ಯಾಂಡಲ್ ಹಿಡಿಯಬೇಕು.