ಮರಳುವ ತೊಗಲು, ಮರಳದ ತೊಗಲು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಡೆಯಲ್ಲಿ ಹೊಸ ಕೊಲ್ಲಾಪುರಿ ಚಪ್ಪಲಿ ಮೆಟ್ಟಿದವರು ಮೊದಲ ವಾರ ಅದನ್ನು ಮಾಡಿದವನನ್ನು ಹಳಿಯುವದನ್ನು ನಾವು ಕೇಳುತ್ತಲೇ ಇರುತ್ತೇವೆ. ಹೆಬ್ಬೆರಳಿನ ಕುಣಿಕೆ ಕಚ್ಚುತ್ತದೆ, ಅಟ್ಟೆ ಬಗ್ಗದು ಎಂದು ಹೇಳಿ ರಬ್ಬರಿನ ಚಪ್ಪಲಿಗೆ ತಿರುಗಿದವರೂ ಉಂಟು. ಈ ದೂರು ನ್ಯಾಯವೇ ಎಂದು ತಿಳಿಯಬೇಕಾದರೆ ತೊಗಲಿನ ಸ್ವಭಾವವನ್ನು ವಿಚಾರಿಸತಕ್ಕದ್ದು.

ವಾಚಕರು ಕೈಯ ಹಿಂಬದಿಯ ತೊಗಲನ್ನು ಎರಡು ಬೆರಳಿನಿಂದ ಎತ್ತಿ ಬಿಟ್ಟು ನೋಡಲಿ. ಎಳೆಯರಲ್ಲಿ ಅದು ಕ್ಷಣಮಾತ್ರದಲ್ಲಿ ಸಮನಾಗುವದು; ಮುದುಕರಲ್ಲಿ ಮಡಿಕೆಯು ತುಸು ಹೊತ್ತು ನಿಲ್ಲುವದು. ಎಳೆತ ನಿಂತ ಕೂಡಲೆ ಮೊದಲಿನ ಆಕಾರಕ್ಕೆ ಮರಳುವ ಗುಣಕ್ಕೆ ಸ್ಥಿತಿಸ್ಥಾಪಕತ್ವವೆಂದು ಹೆಸರು. ತೊಗಲಿನ ಒಣ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ಕೊಲಾಜೆನ್ ಎಂಬ ಎಳೆಗಳು. ಇವು ಹಗ್ಗದಂತೆ ಬಲ ಕೊಡುವವು, ಹೆಚ್ಚು ಹಿಗ್ಗಲಾರವು. ಎಲಾಸ್ಟಿನ್ ಎಂಬುದು ನೂರಕ್ಕೆ 2ರಿಂದ 4 ಪಾಲು ಮಾತ್ರ. ಆದರೂ ಹಿಗ್ಗಿ ಮರಳುವ ಶಕ್ತಿ ಮುಖ್ಯವಾಗಿ ಇದರದು. ಪ್ರಾಯ ಬಂದ ಮೇಲೆ ದೇಹವು ಇದನ್ನು ಹೊಸದಾಗಿ ಹುಟ್ಟಿಸುವದು ತೀರ ಕಡಿಮೆ. ಬಿಸಿಲು ಇದ್ದುದನ್ನೂ ಕೆಡಿಸುವದು. (ತಾಯಂದಿರು ಇನ್ನೊಂದನ್ನು ನೆನಪಿಡಬೇಕು. ಭೇದಿ ಹತ್ತಿದ ಕೂಸಿನ ಹೊಟ್ಟೆಯ ತೊಗಲನ್ನು ಎತ್ತಿ ಬಿಟ್ಟಾಗ ಅದು ಮೆಲ್ಲಗೆ ಇಳಿದರೆ ಮೈಯ ನೀರು ಬತ್ತಿದೆಯೆಂದು ತಿಳಿದು, ಓ.ಆರ್.ಎಸ್. ನೀರು ಕುಡಿಸುತ್ತ ತಡಮಾಡದೆ ವೈದ್ಯರಲ್ಲಿಗೆ ಒಯ್ಯತಕ್ಕದ್ದು.)

ಹದಮಾಡಿದ ತೊಗಲಿನ ರೀತಿಯೇ ಬೇರೆ. ಸುಣ್ಣದ ನೀರಿನಲ್ಲಿ ಕೂದಲೂ ಮೇಲ್ಪದರವೂ ಹೋದ ಮೇಲೆ, ಜಾಲಿಯ ತೊಗಟೆ ಮತ್ತು ಅಳಲೆಕಾಯಿಯ ಒಗರು ಒಳಹೊಕ್ಕು ಕೊಲಾಜೆನ್ನಿನ ಎಳೆಗಳನ್ನು ಒಂದಕ್ಕೊಂದು ಬಿಗಿಯುವದು. ಇಂಥ ತೊಗಲು ಬೇಗ ಕೊಳೆಯದು. ಆದರೆ ಎಳೆದರೆ ಪೂರ್ತಿಯಾಗಿ ಮರಳದು. ಮೈಭಾರ, ಬೆವರು, ಕಾವುಗಳಿಂದ ಮೆಲ್ಲಗೆ ಹಿಗ್ಗಿ, ಹಿಗ್ಗಿದಂತೆಯೇ ನಿಂತು ಕಾಲಿನ ಅಚ್ಚನ್ನು ಹಿಡಿಯುವದು. 1839ರಲ್ಲಿ ಅಮೇರಿಕೆಯ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರಸಿ ಕಾಯಿಸುವ ಉಪಾಯ ಕಂಡ ರಬ್ಬರಾದರೋ ತುಳಿದಷ್ಟೂ ಹಿಂದಿನ ಆಕಾರಕ್ಕೇ ಬರುವದು. ಮೊದಲ ದಿನ ಅದು ಹಿತವೆಂಬುದು ನಿಜ. ಆದರೆ ಮೆಟ್ಟಿದವನ ಕಾಲನ್ನು ಅದು ಎಂದೂ ಕಲಿಯದು. ಆದುದರಿಂದ ಮೊದಲ ವಾರದ ಬಿಗಿಯನ್ನು ಕಸಬುದಾರನ ತಪ್ಪೆಂದೆಣಿಸುವದು ನಮಗೆ ಸರಿಕಾಣದು.

ಮೊಳೆಯಿಲ್ಲದೆ ತೊಗಲಿನ ದಾರದಿಂದಲೇ ಹೊಲಿದ ಈ ಚಪ್ಪಲಿಯ ಹೆಸರು ಕೊಲ್ಲಾಪುರದ್ದಾದರೂ, 2019ರ ಭೌಗೋಲಿಕ ಗುರುತು ಬೆಳಗಾವಿಯೂ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ದೊರೆತಿದೆ. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿಯು ಮೂಲವನ್ನು ಹೇಳದೆ ಇದೇ ಮಾದರಿಯನ್ನು ಮಿಲಾನಿನಲ್ಲಿ ಮೆರೆಸಿ, ಆಕ್ಷೇಪ ಎದ್ದ ಮೇಲೆ ಭಾರತದ ಕಸಬಿನ ಋಣವನ್ನು ಒಪ್ಪಿತು. ಅಥಣಿಯ ಕಸಬುದಾರನ ಹೊಟ್ಟೆ ತುಂಬಬೇಕಾದುದು ಮಾತ್ರ ಕೊಳ್ಳುವವರಿಂದಲೇ.

ಕೊಳ್ಳುವಾಗ ತುಸು ಬಿಗಿಯಾದುದನ್ನೇ ಆರಿಸಬೇಕು. ಸಡಿಲಾದುದು ಇನ್ನೂ ಸಡಿಲಾಗುವದು. ಮೊದಲಿಗೆ ದಿನಕ್ಕೆ ಒಂದೆರಡು ತಾಸು ಮೆಟ್ಟಿ, ಪಟ್ಟಿಗೆ ತುಸು ಎಣ್ಣೆ ಸವರಬೇಕು. ಮಳೆಯಲ್ಲಿ ತೊಯ್ದರೆ ನೆರಳಿನಲ್ಲಿ ಆರಿಸಬೇಕು. ಒಲೆಯ ಬದಿಗಿಟ್ಟರೆ ತೊಗಲು ಸೆಟೆದು ಬಿರಿಯುವದು.