ನಾಯಿಯ ಆಹಾರದಲ್ಲಿ ಧಾನ್ಯದ ಸ್ಥಾನ

ಕನ್ನಡ ನಾಡಿನ ಹಳ್ಳಿಗಳಲ್ಲಿ ನಾಯಿಗೆಂದು ಪ್ರತ್ಯೇಕವಾಗಿ ಅಡಿಗೆ ಮಾಡುವ ವಾಡಿಕೆಯಿಲ್ಲ. ಮನೆಯವರೆಲ್ಲರೂ ಉಂಡ ಮೇಲೆ ಮಿಕ್ಕ ಮುದ್ದೆ, ಒಣಗಿದ ರೊಟ್ಟಿ, ತಳ ಹಿಡಿದ ಅನ್ನ, ಇವೇ ಅದರ ಪಾಲಿಗೆ ಬರುವುವು. ಇಷ್ಟನ್ನೇ ತಿಂದು ಅದು ರಾತ್ರಿಯೆಲ್ಲ ಕಣವನ್ನೂ ಕುರಿಹಟ್ಟಿಯನ್ನೂ ಕಾಯುತ್ತದೆ. ಪಟ್ಟಣಗಳಲ್ಲಾದರೋ ಸ್ಥಿತಿಯು ಇದಕ್ಕೆ ತೀರ ವಿರುದ್ಧವಾದುದು. ಅಂಗಡಿಯ ಚೀಲದ ಮೇಲೆ ‘ಧಾನ್ಯರಹಿತ’ ಎಂಬರ್ಥದ ಮಾತು ಅಚ್ಚಾಗಿದ್ದರೆ ಅದಕ್ಕಾಗಿ ಹೆಚ್ಚಿನ ಬೆಲೆಯನ್ನು ಕೊಡುವವರು ಅಲ್ಲಿ ಉಂಟು. ನಾಯಿಯು ತೋಳದ ವಂಶಕ್ಕೆ ಸೇರಿದುದಾದ್ದರಿಂದ ಅಕ್ಕಿ ಗೋದಿಗಳು ಅದಕ್ಕೆ ವಿಷಪ್ರಾಯವೆಂಬುದು ಅಂಥವರ ನಂಬಿಕೆ. ಹೀಗೆ ಹಳ್ಳಿಯ ನಾಯಿಗೆ ಧಾನ್ಯವಲ್ಲದೆ ಬೇರೇನೂ ಇಲ್ಲ. ಪಟ್ಟಣದ ನಾಯಿಗೆ ಧಾನ್ಯವೇ ಕೂಡದು. ಈ ಎರಡು ಪದ್ಧತಿಗಳಲ್ಲಿಯೂ ನಾಯಿಗಳು ರೋಗಕ್ಕೆ ಗುರಿಯಾದ ನಿದರ್ಶನಗಳಿರುವುದರಿಂದ, ಧಾನ್ಯವು ಅವುಗಳಿಗೆ ಎಷ್ಟರಮಟ್ಟಿಗೆ ಒಗ್ಗುವುದೆಂಬುದನ್ನೂ ಅದರೊಡನೆ ಏನೇನು ಇರತಕ್ಕದ್ದೆಂಬುದನ್ನೂ ಇಲ್ಲಿ ವಿವರಿಸಲಾಗಿದೆ.

ನಾಯಿಯು ತೋಳದ ಸಂತತಿಯೆಂಬುದು ನಿಜ. ಆದರೆ ಮನುಷ್ಯನ ಅಂಗಳದಲ್ಲಿ ಸಾವಿರಾರು ವರ್ಷಗಳ ಕಾಲ ಬಾಳಿದ ಮೇಲೆ ಅದರ ಹೊಟ್ಟೆಯು ತೋಳದ ಹೊಟ್ಟೆಯಾಗಿ ಉಳಿದಿಲ್ಲ. ಸ್ವೀಡನ್ ದೇಶದ ಉಪ್ಸಲ ವಿಶ್ವವಿದ್ಯಾನಿಲಯದ ಆಕ್ಸೆಲ್ಸನ್ ಎಂಬವರೂ ಅವರ ಸಂಗಡಿಗರೂ 2013ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ ಇದು ಸ್ಪಷ್ಟವಾಗಿ ತಿಳಿದುಬಂದಿದೆ. ಧಾನ್ಯದಲ್ಲಿರುವ ಪಿಷ್ಟವನ್ನು ಸಕ್ಕರೆಯನ್ನಾಗಿ ಒಡೆಯುವ ಅಮೈಲೇಸ್ ಎಂಬ ರಸವು ನಾಯಿಯ ಮೇದೋಜೀರಕಾಂಗದಲ್ಲಿ ಹುಟ್ಟುತ್ತದೆ. ಈ ರಸವನ್ನು ಉಂಟುಮಾಡುವ ವಂಶಬೀಜದ ಪ್ರತಿಗಳು ತೋಳದಲ್ಲಿ ಎರಡು ಮಾತ್ರವಿದ್ದರೆ, ನಾಯಿಗಳಲ್ಲಿ 4ರಿಂದ 30ರವರೆಗೆ ಇರುವುದು ಕಂಡುಬಂದಿತು. ಎಂದರೆ, ಬೇಸಾಯಗಾರನ ಕಣದ ಪಕ್ಕದಲ್ಲಿ ಬೆಳೆದ ಪ್ರಾಣಿಯು ಬೇಸಾಯಗಾರನ ಅನ್ನಕ್ಕೆ ತಕ್ಕಂತೆ ಮಾರ್ಪಟ್ಟಿತು. ಬಾಗಲಕೋಟೆ ಜಿಲ್ಲೆಯ ಮುಧೋಳದ ಸೀಮೆಯಲ್ಲಿ ಬೇಟೆಗೂ ಓಟಕ್ಕೂ ಹೆಸರಾದ ನಾಯಿಗಳು ಜೋಳದ ರೊಟ್ಟಿ ಹಾಲುಗಳಲ್ಲಿ ಬೆಳೆದು ಬಂದಿರುವುದನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು. ಆದರೆ ಒಂದು ನಿಯಮವುಂಟು: ಧಾನ್ಯವು ಚೆನ್ನಾಗಿ ಬೆಂದಿರಬೇಕು. ಅರೆಬೆಂದ ನುಚ್ಚೂ ಹಸಿಯ ಹಿಟ್ಟೂ ಸರಿಯಾಗಿ ಜೀರ್ಣವಾಗದೆ ಹೊಟ್ಟೆಯುಬ್ಬರವನ್ನೂ ಭೇದಿಯನ್ನೂ ಉಂಟುಮಾಡುವುವು.

ಜೀರ್ಣವಾಗುವುದು ಬೇರೆ, ಪೋಷಿಸುವುದು ಬೇರೆ. ಈ ಭೇದವನ್ನು ಲೋಕಕ್ಕೆ ತೋರಿಸಿಕೊಟ್ಟ ಪರೀಕ್ಷೆಗಳಲ್ಲಿ ಕೆಲವು ನಾಯಿಮರಿಗಳ ಮೇಲೆಯೇ ನಡೆದವು. ಇಂಗ್ಲೆಂಡಿನಲ್ಲಿ ಎಡ್ವರ್ಡ್ ಮೆಲನ್‌ಬಿ ಎಂಬ ವೈದ್ಯರು ಮೊದಲನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಮರಿಗಳನ್ನು ಮನೆಯೊಳಗಿಟ್ಟು, ಬಹುಮಟ್ಟಿಗೆ ಧಾನ್ಯದ ಗಂಜಿಯಿಂದಲೇ ಸಾಕಿದರು. ಮರಿಗಳು ಹೊಟ್ಟೆ ತುಂಬ ತಿಂದು ಬೆಳೆದವು. ಆದರೆ ಅವುಗಳ ಕಾಲುಗಳು ಬಿಲ್ಲಿನಂತೆ ಬಾಗಿ, ಕೀಲುಗಳು ಊದಿ, ರಿಕೆಟ್ಸ್ ಎಂಬ ಮೂಳೆರೋಗವು ಪ್ರಾಪ್ತವಾಯಿತು. ಕಾಡ್ ಮೀನಿನ ಯಕೃತ್ತಿನ ಎಣ್ಣೆಯನ್ನು ಸೇರಿಸಿದಾಗ ಅದು ತಪ್ಪಿತು. ಆ ಎಣ್ಣೆಯಲ್ಲಿದ್ದ ಗುಣವೇ ಮುಂದೆ ‘ಡಿ’ ಜೀವಸತ್ವವೆಂದು ಹೆಸರಾಯಿತು. ಮನುಷ್ಯನಿಗೆ ಬಿಸಿಲು ಬಿದ್ದರೆ ಚರ್ಮದಲ್ಲಿ ಈ ಸತ್ವವು ಹುಟ್ಟುತ್ತದೆ. ನಾಯಿಯ ಚರ್ಮದಲ್ಲಿ ಅದು ಸಾಕಾಗುವಷ್ಟು ಹುಟ್ಟುವುದಿಲ್ಲ. ಆದ್ದರಿಂದ ಬಿಸಿಲಿನಲ್ಲಿಯೇ ಬಿದ್ದಿರುವ ಮರಿಗೂ ಮೊಟ್ಟೆಯ ಹಳದಿ, ಯಕೃತ್ತು, ಮೀನು ಮೊದಲಾದ ಆಹಾರದಿಂದಲೇ ಅದು ದೊರೆಯಬೇಕು. ಬರಿಯ ಮುದ್ದೆ ತಿಂದ ಮರಿಯ ಕಾಲು ಸೊಟ್ಟಗಾದರೆ ಅದನ್ನು ಜಾತಿಯ ದೋಷವೆಂದೋ ದೃಷ್ಟಿಯ ದೋಷವೆಂದೋ ಎಣಿಸುವುದು ಸರಿಯಲ್ಲ.

ಎರಡನೆಯ ನಿದರ್ಶನವು ಕನ್ನಡ ನಾಡಿಗೆ ಇನ್ನೂ ಹತ್ತಿರದ್ದು. ಅಮೆರಿಕದ ದಕ್ಷಿಣ ಪ್ರಾಂತಗಳಲ್ಲಿ ಮುಸುಕಿನ ಜೋಳವನ್ನೇ ನೆಚ್ಚಿದ್ದ ಬಡವರಿಗೆ ಪೆಲಾಗ್ರ ಎಂಬ ರೋಗವು ಬರುತ್ತಿತ್ತು. ಅದೇ ಬಗೆಯ ಆಹಾರವನ್ನು ತಿಂದ ನಾಯಿಗಳಿಗೆ ಬಾಯಿ ಹುಣ್ಣಾಗಿ, ನಾಲಗೆ ಕಪ್ಪೇರಿ, ಜೊಲ್ಲು ಸುರಿದು, ಕೊನೆಗೆ ಸಾವು ಬರುತ್ತಿತ್ತು. ಇದಕ್ಕೆ ಕರಿನಾಲಗೆಯ ರೋಗವೆಂದು ಹೆಸರು. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಎಲ್ವೆಜೆಮ್ ಮತ್ತು ಸಂಗಡಿಗರು 1937ರಲ್ಲಿ ನಿಕೋಟಿನಿಕ್ ಆಮ್ಲವೆಂಬ ಜೀವಸತ್ವದಿಂದ ಈ ನಾಯಿಗಳನ್ನು ಗುಣಪಡಿಸಿದರು. ಮನುಷ್ಯರ ಪೆಲಾಗ್ರಕ್ಕೂ ಅದೇ ಮದ್ದಾಯಿತು. ದಖ್ಖಣದಲ್ಲಿ ಬಿಳಿಜೋಳವನ್ನೇ ಉಣ್ಣುವ ಬಡವರಲ್ಲಿಯೂ ಪೆಲಾಗ್ರವು ಕಾಣಿಸುತ್ತಿದ್ದುದರಿಂದ, ಹೈದರಾಬಾದಿನ ಪೋಷಣ ಸಂಶೋಧನಾಲಯದ ಬೆಳವಾಡಿ ಮತ್ತು ಗೋಪಾಲನ್ ಎಂಬವರು ನಾಯಿಗಳಿಗೆ ಜೋಳದ ಆಹಾರವನ್ನು ಕೊಟ್ಟು ನೋಡಿದರು. ಅವುಗಳಿಗೆ ಕರಿನಾಲಗೆಯು ಉಂಟಾದ ಸಂಗತಿಯನ್ನು 1965ರಲ್ಲಿ ಪ್ರಕಟಿಸಿದರು. ಜೋಳದಲ್ಲಿ ಲ್ಯೂಸಿನ್ ಎಂಬ ಅಂಶವು ಮಿತಿಮೀರಿರುವುದೇ ಇದಕ್ಕೆ ಕಾರಣವೆಂದು ಅವರು ಊಹಿಸಿದರು. ಈ ಕಾರಣವನ್ನು ಎಲ್ಲ ಪಂಡಿತರೂ ಒಪ್ಪಿಲ್ಲ. ಕಾರಣವು ಯಾವುದೇ ಆಗಿರಲಿ, ಜೋಳದ ರೊಟ್ಟಿಯೊಡನೆ ಹಾಲನ್ನೋ ಮೊಟ್ಟೆಯನ್ನೋ ಮಾಂಸವನ್ನೋ ತಿನ್ನುವ ನಾಯಿಗೆ ಈ ಭಯವಿಲ್ಲ. ಮುಧೋಳದ ನಾಯಿಯನ್ನು ಕಾಪಾಡಿದ್ದು ರೊಟ್ಟಿಯೊಂದೇ ಅಲ್ಲ, ರೊಟ್ಟಿಯ ಮೇಲೆ ಸುರಿದ ಹಾಲು ಕೂಡ.

ಹಾಗಾದರೆ ಧಾನ್ಯವನ್ನು ಬಿಟ್ಟು ಮಾಂಸವೊಂದನ್ನೇ ಕೊಡಬಹುದೇ ಎಂದರೆ, ಅದೂ ತಪ್ಪು. ಎಲುಬಿಲ್ಲದ ಮಾಂಸದಲ್ಲಿ ರಂಜಕವು ಬಹಳ, ಸುಣ್ಣಾಂಶವು ಬಹು ಸ್ವಲ್ಪ. ಸುಮಾರು ಇಪ್ಪತ್ತಕ್ಕೆ ಒಂದು. ಆಹಾರದಲ್ಲಿ ಸುಣ್ಣಾಂಶವು ರಂಜಕಕ್ಕೆ ಸಮನಾಗಿಯಾದರೂ ಇರಬೇಕು, ಎರಡರಷ್ಟನ್ನು ಮೀರಬಾರದು. ಬರಿಯ ಮಾಂಸ ತಿನ್ನುವ ಮರಿಯು ಕೊರತೆ ಬಿದ್ದ ಸುಣ್ಣವನ್ನು ತನ್ನ ಮೂಳೆಗಳಿಂದಲೇ ತೆಗೆದುಕೊಳ್ಳುವುದರಿಂದ, ಕೋಳಿ ಕುರಿಗಳ ಮಾಂಸದಲ್ಲಿ ಬೆಳೆದ ಶ್ರೀಮಂತರ ಮನೆಯ ಮರಿಗೂ ಸ್ವಲ್ಪ ನೆಗೆದ ಮಾತ್ರಕ್ಕೆ ಕಾಲು ಮುರಿಯುವುದುಂಟು.

ಇನ್ನು ಚೀಲದಲ್ಲಿ ಬರುವ ಧಾನ್ಯರಹಿತ ಆಹಾರದ ವಿಷಯ. ಧಾನ್ಯರಹಿತವೆಂದ ಮಾತ್ರಕ್ಕೆ ಅದು ಮಾಂಸಮಯವಾದುದೆಂದು ತಿಳಿಯಬಾರದು. ಒಣ ಆಹಾರವನ್ನು ಗುಳಿಗೆಯಾಗಿ ಅಚ್ಚುಹಾಕಲು ಪಿಷ್ಟವು ಬೇಕೇ ಬೇಕು. ಅಕ್ಕಿ ಗೋದಿಗಳನ್ನು ತೆಗೆದ ಸ್ಥಳದಲ್ಲಿ ಬಟಾಣಿ, ಕಡಲೆ, ಮಸೂರ, ಆಲೂಗೆಡ್ಡೆಗಳನ್ನು ಹಾಕಿರುತ್ತಾರೆ. ಇಂಥ ಆಹಾರವನ್ನು ತಿನ್ನುತ್ತಿದ್ದ ನಾಯಿಗಳಲ್ಲಿ ಹೃದಯವು ಹಿಗ್ಗಿ ದುರ್ಬಲವಾಗುವ ರೋಗವು ಕಾಣಿಸುತ್ತಿರುವುದಾಗಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2018ರ ಜುಲೈಯಲ್ಲಿ ಎಚ್ಚರಿಕೆಯನ್ನಿತ್ತಿತು. 2014ರ ಜನವರಿಯಿಂದ 2019ರ ಏಪ್ರಿಲಿನವರೆಗೆ ಅದಕ್ಕೆ ಬಂದ ವರದಿಗಳು 524. ಇವುಗಳಲ್ಲಿ ಹೆಸರಿಸಿದ ಆಹಾರಗಳ ಪೈಕಿ ನೂರಕ್ಕೆ 90ಕ್ಕಿಂತ ಹೆಚ್ಚು ಧಾನ್ಯರಹಿತವಾದುವು. ಆದರೆ ಕಾರಣವನ್ನು ನಿಶ್ಚಯಿಸಲು ಈ ವರದಿಗಳು ಸಾಲವೆಂದೂ, ಹೊಸ ಸಂಗತಿಗಳು ದೊರೆಯದ ಹೊರತು ಮುಂದೆ ಪ್ರಕಟಣೆಗಳನ್ನು ಹೊರಡಿಸುವುದಿಲ್ಲವೆಂದೂ 2022ರ ಡಿಸೆಂಬರಿನಲ್ಲಿ ಅದೇ ಆಡಳಿತವು ತಿಳಿಸಿತು. ಆದ್ದರಿಂದ ಧಾನ್ಯರಹಿತ ಆಹಾರವೇ ಹೃದಯರೋಗವನ್ನು ತರುವುದೆಂದು ಹೇಳುವುದು ಆತುರವಾಗುವುದು. ಅದು ಮೇಲಾದುದೆಂದು ಹೇಳುವುದಕ್ಕೆ ಅಷ್ಟೂ ಆಧಾರವಿಲ್ಲ.

ಧಾನ್ಯದಿಂದ ತುರಿಕೆಯೂ ಚರ್ಮರೋಗವೂ ಬರುವುವೆಂಬುದು ಮತ್ತೊಂದು ಆಕ್ಷೇಪಣೆ. ಆಹಾರವು ಒಗ್ಗದೆ ಚರ್ಮರೋಗಕ್ಕೆ ಗುರಿಯಾದ 297 ನಾಯಿಗಳ ವರದಿಗಳನ್ನು 2016ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ನೂರರಲ್ಲಿ 34ಕ್ಕೆ ದನದ ಮಾಂಸವೂ, 17ಕ್ಕೆ ಹಾಲಿನ ಪದಾರ್ಥಗಳೂ, 15ಕ್ಕೆ ಕೋಳಿಯ ಮಾಂಸವೂ, 13ಕ್ಕೆ ಗೋದಿಯೂ ಕಾರಣವಾಗಿದ್ದುವು. ಅಕ್ಕಿಯು ಒಗ್ಗದವು ನೂರಕ್ಕೆ ಎರಡು ಮಾತ್ರ. ಗೋದಿಯು ಒಗ್ಗದ ನಾಯಿಗೆ ಗೋದಿಯನ್ನು ಬಿಡಿಸಬೇಕಾದುದು ನ್ಯಾಯವೇ; ಆ ಒಂದು ನಾಯಿಗಾಗಿ ಎಲ್ಲ ನಾಯಿಗಳಿಗೂ ಎಲ್ಲ ಧಾನ್ಯಗಳನ್ನೂ ನಿಷೇಧಿಸುವುದರಲ್ಲಿ ಅರ್ಥವಿಲ್ಲ. ಅಲ್ಲದೆ, ತುರಿಸಿಕೊಳ್ಳುವ ನಾಯಿಯ ಮೈಯಲ್ಲಿ ಮೊದಲು ಹುಡುಕಬೇಕಾದುದು ಚಿಗಟ ಉಣ್ಣೆಗಳನ್ನು.

ಅಂಗಡಿಯ ಆಹಾರವನ್ನು ಕೊಳ್ಳುವವರು ಚೀಲದ ಮುಂಭಾಗವನ್ನು ಬಿಟ್ಟು ಹಿಂಭಾಗವನ್ನು ಓದತಕ್ಕದ್ದು. ಆಹಾರವು ಯಾವ ವಯಸ್ಸಿನ ನಾಯಿಗೆ ಸಂಪೂರ್ಣವಾದುದೆಂದು ಅಲ್ಲಿ ಬರೆದಿರಬೇಕು. ಅಮೆರಿಕದಲ್ಲಿ ಅನುಸರಿಸುವ ಪ್ರಮಾಣದಂತೆ, ನೀರಿನಂಶವನ್ನು ಕಳೆದ ನೂರು ಭಾಗದಲ್ಲಿ ಬೆಳೆದ ನಾಯಿಗೆ ಸಸಾರಜನಕವು 18 ಭಾಗಕ್ಕೂ ಜಿಡ್ಡು 5.5 ಭಾಗಕ್ಕೂ ಕಡಮೆಯಿರಬಾರದು. ಬೆಳೆಯುವ ಮರಿಗೆ ಇವು 22.5 ಮತ್ತು 8.5. ಇದನ್ನು ಹಳ್ಳಿಯ ಆಹಾರದೊಡನೆ ಹೋಲಿಸಿದರೆ ಕೊರತೆಯು ಎಲ್ಲಿರುವುದೆಂಬುದು ತಾನೇ ಕಾಣುವುದು. ನೂರು ಭಾಗ ರಾಗಿಯಲ್ಲಿ ಸಸಾರಜನಕವು ಸುಮಾರು 7, ಜೋಳದಲ್ಲಿ ಸುಮಾರು 10. ರಾಗಿಯಲ್ಲಿ ಸುಣ್ಣಾಂಶವೇನೋ ಅಕ್ಕಿಗಿಂತ ಹತ್ತಾರು ಪಾಲು ಹೆಚ್ಚು. ಆದರೆ ಧಾನ್ಯದ ಹೊಟ್ಟಿನಲ್ಲಿರುವ ಫೈಟಿಕ್ ಆಮ್ಲವು ಅದರಲ್ಲಿ ಒಂದು ಪಾಲನ್ನು ಹಿಡಿದಿಟ್ಟುಕೊಳ್ಳುವುದು.

ಮನೆಯಲ್ಲಿಯೇ ಆಹಾರವನ್ನು ಸಿದ್ಧಪಡಿಸುವವರಿಗೆ ಒಂದು ಅಂದಾಜು: ಸುಮಾರು 20 ಕಿಲೋ ತೂಗುವ, ಹೆಚ್ಚು ದುಡಿಮೆಯಿಲ್ಲದ ಬೆಳೆದ ನಾಯಿಗೆ ದಿನಕ್ಕೆ 1,000 ಕ್ಯಾಲೊರಿಗಳಷ್ಟು ಆಹಾರವು ಬೇಕು. ಅಕ್ಕಿ, ಜೋಳ ಅಥವಾ ರಾಗಿ 120 ಗ್ರಾಂ, ಬೇಳೆ 30 ಗ್ರಾಂ, ಕೋಳಿಯ ಮಾಂಸ 200 ಗ್ರಾಂ, ಮೊಟ್ಟೆ ಒಂದು, ಕುಂಬಳ ಗಜ್ಜರಿಗಳಂಥ ತರಕಾರಿ ಒಂದು ಹಿಡಿ, ಎಣ್ಣೆ ಎರಡು ಸಣ್ಣ ಚಮಚ, ಇವುಗಳನ್ನು ಬೇಯಿಸಿ ಎರಡು ಹೊತ್ತಿಗೆ ಹಂಚಿದರೆ ಈ ಲೆಕ್ಕವು ಸರಿಹೋಗುವುದು. ಮಾಂಸದ ಜೊತೆಗೆ ಸ್ವಲ್ಪ ಯಕೃತ್ತನ್ನು ವಾರಕ್ಕೊಮ್ಮೆ ಸೇರಿಸಬಹುದು. ಮೊಟ್ಟೆಯ ಚಿಪ್ಪನ್ನು ಕುದಿಸಿ ಒಣಗಿಸಿ ನುಣ್ಣಗೆ ಪುಡಿಮಾಡಿ ದಿನಕ್ಕೆ 4 ಗ್ರಾಂನಷ್ಟು ಬೆರಸಿದರೆ ಸುಣ್ಣಾಂಶವು ಒದಗುವುದು. ಇದಕ್ಕೆ ಬಿಡಿಕಾಸಿನ ಖರ್ಚೂ ಇಲ್ಲ. ಮಾಂಸವನ್ನು ಒಳಗೆ ತರದ ಮನೆಗಳಲ್ಲಿ ಧಾನ್ಯವನ್ನು 100 ಗ್ರಾಂಗೆ ಇಳಿಸಿ, ಬೇಳೆಯನ್ನು 60 ಗ್ರಾಂಗೆ ಏರಿಸಿ, ಮೂರು ಮೊಟ್ಟೆಗಳನ್ನೂ 300 ಗ್ರಾಂ ಮೊಸರನ್ನೂ ಕೊಡಬಹುದು. ಬೆಕ್ಕಿಗೆ ಸಸ್ಯಾಹಾರವು ಸಲ್ಲದಾದರೂ ನಾಯಿಯು ಅದರಲ್ಲಿ ಬದುಕಬಲ್ಲುದು. ಹಾಲು ಕುಡಿದು ಭೇದಿಯಾಗುವ ನಾಯಿಗೆ ಮೊಸರು ಮಜ್ಜಿಗೆಗಳೇ ಒಳ್ಳೆಯವು. ಆದರೂ ಮನೆಯಡಿಗೆಯಲ್ಲಿ ಸತು, ತಾಮ್ರ, ‘ಡಿ’ ಮತ್ತು ‘ಇ’ ಜೀವಸತ್ವಗಳ ಕೊರತೆಯು ತಿಳಿಯದಂತೆ ಉಳಿದುಬಿಡುವುದುಂಟು. ಅಮೆರಿಕದಲ್ಲಿ 200 ಮನೆಯಡಿಗೆಯ ವಿಧಾನಗಳನ್ನು 2013ರಲ್ಲಿ ಪರಿಶೀಲಿಸಿದಾಗ ನೂರಕ್ಕೆ 95ರಲ್ಲಿ ಒಂದಲ್ಲ ಒಂದು ಅಂಶವು ಕಡಮೆಯಿತ್ತು. ಆದ್ದರಿಂದ ಮೇಲಿನ ಅಂದಾಜಿನೊಡನೆ ನಾಯಿಗಳಿಗಾಗಿ ತಯಾರಿಸಿದ ಜೀವಸತ್ವ ಲವಣಗಳ ಮಿಶ್ರಣವನ್ನು ಪಶುವೈದ್ಯರನ್ನು ಕೇಳಿ ಸೇರಿಸತಕ್ಕದ್ದು. ಮರಿಗಳಿಗೂ ಗಬ್ಬದ ಹಾಗೂ ಹಾಲೂಡುವ ನಾಯಿಗಳಿಗೂ ಈ ಅಂದಾಜು ಸಾಲದು.

ಸಾರಿನ ಅನ್ನವನ್ನು ನಾಯಿಗೆ ಹಾಕುವಾಗ ಈರುಳ್ಳಿಯ ವಿಷಯದಲ್ಲಿ ಎಚ್ಚರವಿರಬೇಕು. ನಾಯಿಯ ತೂಕದ ಕಿಲೋ ಒಂದಕ್ಕೆ 15ರಿಂದ 30 ಗ್ರಾಂ ಈರುಳ್ಳಿಯು ರಕ್ತದ ಕೆಂಪು ಕಣಗಳನ್ನು ಒಡೆದು ಹಾಕಲು ಸಾಕು. ಬೇಯಿಸಿದರೂ ಈ ದೋಷವು ಹೋಗದು. ಬೆಳ್ಳುಳ್ಳಿಯೂ ಇದೇ ಜಾತಿಯದು. ದ್ರಾಕ್ಷಿ, ಚಾಕೊಲೆಟ್, ಬೆಂದ ಕೋಳಿಯ ಎಲುಬು, ಇವನ್ನು ಎಂದಿಗೂ ಕೊಡಕೂಡದು.

ಹಳ್ಳಿಗಳಲ್ಲಿ ಇದಕ್ಕಿಂತಲೂ ಹೆಚ್ಚಿನ ಅಪಾಯವು ಬೂಷ್ಟು ಹಿಡಿದ ಕಾಳಿನಿಂದ ಬರುವುದು. ಮನುಷ್ಯರು ತಿನ್ನಲಾರದ ಮುಗ್ಗಿದ ಜೋಳವನ್ನೂ ಕೆಟ್ಟ ಕಡಲೆಕಾಯಿ ಹಿಂಡಿಯನ್ನೂ ‘ನಾಯಿಗಾದರೂ ಆಗಲಿ’ ಎಂದು ಬೇಯಿಸಿ ಹಾಕುವ ರೂಢಿಯುಂಟು. ಈ ಬೂಷ್ಟಿನಲ್ಲಿ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷವು ಬೇಯಿಸಿದರೆ ನಾಶವಾಗುವುದಿಲ್ಲ. ನಾಯಿಯ ಯಕೃತ್ತಾದರೋ ಇದಕ್ಕೆ ಬಹು ಬೇಗ ಈಡಾಗುವುದು. 1974ರಲ್ಲಿ ರಾಜಸ್ಥಾನದ ಬಾಂಸವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ ಅಕಾಲದ ಮಳೆಗೆ ನೆನೆದ ಮುಸುಕಿನ ಜೋಳವನ್ನು ಉಂಡ 397 ಮಂದಿ ಕಾಮಾಲೆಗೆ ತುತ್ತಾಗಿ 106 ಮಂದಿ ತೀರಿಕೊಂಡರು. ಆ ಮನೆಗಳ ಅನ್ನವನ್ನು ತಿಂದ ನಾಯಿಗಳೂ ಅದೇ ರೋಗದಿಂದ ಸತ್ತವು. ಬೂಷ್ಟು ಹಿಡಿದುದು ನಾಯಿಗೂ ಅಲ್ಲ, ಕೋಳಿಗೂ ಅಲ್ಲ, ಅದನ್ನು ಹೂಳತಕ್ಕದ್ದು.

ಕುರಿ ಕೊಯ್ದ ಕಡೆ ಯಕೃತ್ತು ಶ್ವಾಸಕೋಶಗಳನ್ನು ಹಸಿಯಾಗಿಯೇ ನಾಯಿಗೆ ಎಸೆಯುವುದನ್ನು ಕುರಿಗಾರರು ಬಿಡಬೇಕು. ಅವುಗಳಲ್ಲಿರುವ ನೀರುಗುಳ್ಳೆಗಳನ್ನು ತಿಂದ ನಾಯಿಯ ಕರುಳಿನಲ್ಲಿ ಎಕಿನೊಕಾಕಸ್ ಎಂಬ ಅತಿ ಸಣ್ಣ ಲಾಡಿಹುಳುಗಳು ಬೆಳೆಯುವುವು. ನಾಯಿಗೆ ಇದರಿಂದ ಏನೂ ಆದಂತೆ ತೋರುವುದಿಲ್ಲ. ಆದರೆ ಅದರ ಮಲದಲ್ಲಿ ಬಿದ್ದ ತತ್ತಿಗಳು ಹುಲ್ಲಿನ ಮೂಲಕ ಕುರಿಗಳಿಗೂ, ಕೈ ಬಾಯಿಗಳ ಮೂಲಕ ಮನೆಯ ಮಕ್ಕಳಿಗೂ ಸೇರಿ, ಯಕೃತ್ತಿನಲ್ಲಿಯೂ ಶ್ವಾಸಕೋಶದಲ್ಲಿಯೂ ವರ್ಷಗಟ್ಟಲೆ ಬೆಳೆಯುವ ಗುಳ್ಳೆಗಳಾಗುವುವು. ಅರ್ಧ ಗಂಟೆಯ ಕಾಲ ಕುದಿಸಿ ಕೊಟ್ಟರೆ ಅದೇ ಪದಾರ್ಥವು ನಾಯಿಗೆ ಒಳ್ಳೆಯ ಆಹಾರವಾಗುವುದು. ಕುರಿಹಟ್ಟಿಯ ನಾಯಿಗಳಿಗೆ ಲಾಡಿಹುಳುವಿನ ಮದ್ದನ್ನು ಕಾಲಕಾಲಕ್ಕೆ ಪಶುವೈದ್ಯಶಾಲೆಯಿಂದ ಕೊಡಿಸಬೇಕು.

ಆಹಾರವನ್ನು ಬದಲಾಯಿಸುವಾಗ ಹಳೆಯದರಲ್ಲಿ ಹೊಸದನ್ನು ದಿನದಿನಕ್ಕೆ ಹೆಚ್ಚಿಸುತ್ತ ಒಂದು ವಾರದಲ್ಲಿ ಮುಗಿಸಬೇಕು. ಆಮೇಲೆ ತಿಂಗಳಿಗೊಮ್ಮೆ ನಾಯಿಯ ಪಕ್ಕೆಯ ಮೇಲೆ ಕೈಯಾಡಿಸಿ ನೋಡತಕ್ಕದ್ದು. ಪಕ್ಕೆಲುಬುಗಳು ಕೈಗೆ ಸುಲಭವಾಗಿ ಸಿಕ್ಕಬೇಕು. ಒತ್ತಿ ಹುಡುಕಬೇಕಾದರೆ ಅನ್ನವನ್ನು ಹತ್ತರಲ್ಲಿ ಒಂದು ಪಾಲು ಕಡಮೆ ಮಾಡಬೇಕು. ಮುಧೋಳದ ತಳಿಯಂಥ ಓಟದ ನಾಯಿಗಳಲ್ಲಿ ಕೊನೆಯ ಎರಡು ಮೂರು ಪಕ್ಕೆಲುಬುಗಳು ಕಣ್ಣಿಗೂ ಕಾಣುವುದು ಸಹಜವಾದುದರಿಂದ, ಅಂಥ ನಾಯಿಯನ್ನು ಬಡಕಲೆಂದು ಬಗೆದು ಮೇಲೆ ಮೇಲೆ ತಿನ್ನಿಸಬೇಕಾಗಿಲ್ಲ.